ಕೆಲಸ ಬಿಟ್ಟ ಮೇಲೂ ಕೈ ನಡುಗುವುದೇಕೆ?

ಪ್ರಶ್ನೆ: ನನ್ನ ಹೆಂಡತಿ ಏಳು ವರ್ಷ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದಳು. ಕೊನೆಯ ಎರಡು ವರ್ಷ ಹೊಸ ಸೂಪರ್‌ವೈಸರ್ ಬಂದ. ಟಾರ್ಗೆಟ್‌ಗೆ ನಾಲ್ಕು ಪೀಸ್ ಕಡಿಮೆಯಾದರೂ ಇಡೀ ಲೈನಿನ ಮುಂದೆ ನಿಲ್ಲಿಸಿ ಬೈಯುತ್ತಿದ್ದ, ಹೊಲಿದ ಬಟ್ಟೆಯನ್ನು ಮುಖಕ್ಕೆ ಎಸೆಯುತ್ತಿದ್ದ. ಕೆಲಸ ಬಿಡಿಸಿ ಎರಡು ವರ್ಷವಾಯಿತು. ಈಗಲೂ ಬೆಳಗಿನ ಜಾವ ನಾಲ್ಕಕ್ಕೆ ದಡಕ್ಕನೆ ಎದ್ದು ಕೂರುತ್ತಾಳೆ. ಪಕ್ಕದ ಮನೆಯಲ್ಲಿ ಯಾರಾದರೂ ಕೂಗಾಡಿದರೆ ಇವಳ ಕೈ ನಡುಗುತ್ತದೆ. ವಯಸ್ಸು 34, ಆಗಲೇ ಬಿಪಿ ಬಂದಿದೆ. ಇಸಿಜಿ ನಾರ್ಮಲ್ ಇದೆ, ಟೆನ್ಷನ್ ಮಾಡ್ಕೋಬೇಡಿ ಅಂದರು ಡಾಕ್ಟರು. ಬೈಗುಳದ ಪರಿಣಾಮ ಇಷ್ಟು ಕಾಲ ಮೈಯಲ್ಲಿ ಉಳಿಯುತ್ತದೆಯೇ? ಕೆಲಸ ಬಿಟ್ಟ ಮೇಲೆ ಹೋಗಬೇಕಿತ್ತಲ್ಲವೇ? ಈಗ ನಮ್ಮೂರ ಹತ್ತಿರವೇ ಇನ್ನೊಂದು ಫ್ಯಾಕ್ಟರಿ ಶುರುವಾಗಿದೆ. ಸೇರಿಕೋ ಎನ್ನಲೇ, ಬೇಡವೇ?
– ಒಬ್ಬ ಓದುಗ, ರಾಮನಗರದ ಹತ್ತಿರದಿಂದ

ಉತ್ತರ: ಉಳಿಯುತ್ತದೆ. ತಿಂಗಳುಗಟ್ಟಲೆ ಉಳಿಯಬಹುದು, ವರ್ಷಗಟ್ಟಲೆಯೂ ಉಳಿಯಬಹುದು. ನಿಮ್ಮ ಪತ್ನಿ ಇಲ್ಲದ್ದನ್ನು ಕಲ್ಪಿಸಿಕೊಳ್ಳುತ್ತಿಲ್ಲ. ಅವರ ಮನಸ್ಸು ದುರ್ಬಲ ಎಂದೂ ತಿಳಿಯಬೇಡಿ. ಎರಡು ವರ್ಷ ಹೀಗೆ ಅನ್ನಿಸಿಕೊಂಡೂ ಮೆಷಿನ್ ಮುಂದೆ ಕೂತು ಸಂಸಾರಕ್ಕೆ ಸಂಬಳ ತಂದವರನ್ನು ದುರ್ಬಲರೆನ್ನುವುದು ಅನ್ಯಾಯ. ಅವರಿಗೆ ಆಗಿರುವುದು ಗಾಯ, ಕೆಲಸದ ಜಾಗದಲ್ಲಿ ಆದ ಗಾಯ. ನಾನು ಮುಂದೆ ಬರೆಯುವುದನ್ನೆಲ್ಲ ಈ ಒಂದು ಮಾತಿಗೆ ಹೊಂದಿಸಿಕೊಂಡು ಓದಿ.

ಗಾರ್ಮೆಂಟ್ಸ್‌ನಲ್ಲಿ ಮೆಷಿನ್ನಿನ ಸೂಜಿ ಮುರಿದರೆ ಏನು ಮಾಡುತ್ತಾರೆಂದು ಅವರನ್ನೇ ಕೇಳಿ ನೋಡಿ. ಚೂರುಗಳನ್ನೆಲ್ಲ ಹುಡುಕಿ, ರಿಜಿಸ್ಟರಿನಲ್ಲಿ ಟೇಪ್ ಹಾಕಿ ಅಂಟಿಸಿ, ದಿನಾಂಕ, ಲೈನು, ಮೆಷಿನ್ ನಂಬರ್ ಬರೆದುಕೊಂಡ ಮೇಲೆಯೇ ಹೊಸ ಸೂಜಿ ಕೊಡುವುದು. ಒಂದು ಚೂರು ಸಿಗದಿದ್ದರೂ ಅಲ್ಲಿದ್ದ ಬಟ್ಟೆಗಳನ್ನು ಬದಿಗಿಟ್ಟು ಮೆಟಲ್ ಡಿಟೆಕ್ಟರ್‌ನಲ್ಲಿ ಹಾಯಿಸುತ್ತಾರೆ. ಎಲ್ಲೋ ದೂರದ ದೇಶದಲ್ಲಿ ಆ ಅಂಗಿ ತೊಡುವ ಮಗುವಿಗೆ ಚುಚ್ಚಬಾರದಲ್ಲ, ಅದಕ್ಕೆ. ಒಳ್ಳೆಯ ಪದ್ಧತಿ. ಅದೇ ಸೂಜಿ ಟೈಲರಳ ಬೆರಳಿಗೆ ಹೊಕ್ಕರೆ ಅದನ್ನು ಗಾಯ ಎಂದು ಎಲ್ಲರೂ ಒಪ್ಪುತ್ತಾರೆ, ಪ್ರಥಮ ಚಿಕಿತ್ಸೆ ಮಾಡುತ್ತಾರೆ, ಹೆಚ್ಚಾದರೆ ಇಎಸ್‌ಐ ಆಸ್ಪತ್ರೆಗೆ ಕಳಿಸುತ್ತಾರೆ. ಅದೇ ಲೈನಿನಲ್ಲಿ, ಅದೇ ಹೆಂಗಸಿಗೆ ಎರಡು ವರ್ಷ ಕಾಲ ಬಿದ್ದ ಬೈಗುಳ ಮಾತ್ರ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಅದು ದಾಖಲಾಗಲೇ ಇಲ್ಲವಾದ್ದರಿಂದ, ಇಂದು ಅವರ ಕೈ ನಡುಗಿದರೆ ಕಾರಣವನ್ನು ಎಲ್ಲರೂ ಅವರ ಸ್ವಭಾವದಲ್ಲೇ ಹುಡುಕುತ್ತಾರೆ.

ಮೈಯೊಳಗೆ ನಡೆಯುವುದನ್ನು ಹೇಳುತ್ತೇನೆ. ಯಾರಾದರೂ ಮೇಲೆರಗಿ ಬಂದಾಗ ಮೂತ್ರಪಿಂಡಗಳ ನೆತ್ತಿಯಲ್ಲಿರುವ ಅಡ್ರಿನಲ್ ಗ್ರಂಥಿಗಳು ಮೊದಲು ಅಡ್ರಿನಲಿನ್, ಅದರ ಹಿಂದೆಯೇ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಹೊರಚೆಲ್ಲುತ್ತದೆ. ಎದುರಾಳಿಯ ಜೊತೆ ಹೊಡೆದಾಡಲು ಅಥವಾ ಅಲ್ಲಿಂದ ಓಡಲು ಬೇಕಾದ ತಯಾರಿ ಇದು. ಕಾಡಿನಲ್ಲಿ ಚಿರತೆ ಎದುರಾದರೆ ಪ್ರಾಣ ಉಳಿಸುತ್ತದೆ. ಹೊಡೆದಾಟವೋ ಓಟವೋ ಮುಗಿದ ಮೇಲೆ ಎಲ್ಲವೂ ಮತ್ತೆ ತಗ್ಗಿಗೆ ಬರುತ್ತದೆ.

ಲೈನಿನಲ್ಲಿ ಕೂತ ಹೆಂಗಸಿಗೆ ಎರಡೂ ದಾರಿ ಇಲ್ಲ. ಎರಡೂ ಕೈ ಬಟ್ಟೆಯ ಮೇಲೆ, ಕಾಲು ಪೆಡಲಿನ ಮೇಲೆ, ಹಿಂದಿನವಳ ಪೀಸ್ ಆಗಲೇ ಬಂದು ಬಿದ್ದಿದೆ. ತಿರುಗಿ ಮಾತಾಡಿದರೆ ಕೆಲಸ ಹೋದೀತು, ಎದ್ದು ಹೋದರೆ ಆ ದಿನದ ಸಂಬಳ ಹೋದೀತು. ತಯಾರಾದ ಮೈ ತಯಾರಾಗಿಯೇ ಕೂತಿರಬೇಕು. ಮರುದಿನ ಮತ್ತೆ ಅದೇ. ಅವನು ಬೈಯದ ದಿನವೂ ಬಿಡುವಿಲ್ಲ, ಈಗ ಬರುತ್ತಾನೆ, ಈಗ ಬರುತ್ತಾನೆ ಎಂದು ಕಾಯುವುದರಲ್ಲೇ ದಿನ ಕಳೆಯುತ್ತದೆ. ಕಾಯುವಾಗಲೂ ಅವೇ ಹಾರ್ಮೋನುಗಳು ಸುರಿಯುತ್ತವೆ. ಭಾನುವಾರ ಸಂಜೆಯೇ ಹೊಟ್ಟೆ ತೊಳಸಲು ಶುರುವಾಗುತ್ತಿತ್ತು ಎಂದು ಇಂಥ ಕೆಲಸ ಮಾಡಿದ ಹೆಂಗಸರು ಹೇಳುವುದು ಇದಕ್ಕೇ.

ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿದ್ದ ನರವಿಜ್ಞಾನಿ ಬ್ರೂಸ್ ಮೆಕ್‌ಯುವನ್ 1993ರಲ್ಲಿ ಎಲಿಯಟ್ ಸ್ಟೆಲ್ಲರ್ ಜೊತೆ ಸೇರಿ ಹೀಗೆ ಸದಾ ತಯಾರಾಗಿ ಕೂತ ಮೈಗೆ ಏನಾಗುತ್ತದೆ ಎಂಬುದಕ್ಕೆ ಒಂದು ಸಿದ್ಧಾಂತವನ್ನೇ ಕೊಟ್ಟರು. ಕಾಪಾಡಲೆಂದು ಇರುವ ವ್ಯವಸ್ಥೆ ಬಿಡುವಿಲ್ಲದೆ ದುಡಿದರೆ ತಾನಿರುವ ಮೈಯನ್ನೇ ಸವೆಸುತ್ತದೆ ಎಂಬುದು ಅದರ ತಿರುಳು. ರಕ್ತದೊತ್ತಡ ಏರಿದ ಮಟ್ಟದಲ್ಲೇ ನಿಲ್ಲಲು ಕಲಿಯುತ್ತದೆ. ನಿದ್ದೆ ತೆಳುವಾಗುತ್ತದೆ. ಸಕ್ಕರೆಯ ಲೆಕ್ಕ ತಪ್ಪುತ್ತದೆ. ಮಿದುಳಿನಲ್ಲಿ ಅಪಾಯವನ್ನು ಗುರುತಿಸುವ ಭಾಗ ಚುರುಕಾಗುತ್ತ ಹೋಗಿ, ಅದನ್ನು ಸಮಾಧಾನಪಡಿಸುವ ಭಾಗದ ಹಿಡಿತ ಸಡಿಲವಾಗುತ್ತದೆ. ಬೆಳಗಿನ ಜಾವ ಕಾರ್ಟಿಸಾಲ್ ಏರುವುದು ಎಲ್ಲರಲ್ಲೂ ಸಹಜ. ನಿಮ್ಮ ಪತ್ನಿ ಕೆಲಸಕ್ಕೆ ಹೋಗುತ್ತಿದ್ದಾಗ ಅಡುಗೆ ಮುಗಿಸಿ, ಡಬ್ಬಿ ಕಟ್ಟಿ, ಫ್ಯಾಕ್ಟರಿ ವ್ಯಾನ್ ಹಿಡಿಯಲು ಏಳುತ್ತಿದ್ದುದು ಬಹುಶಃ ಅದೇ ನಾಲ್ಕು ಗಂಟೆಗೆ ಇದ್ದೀತು. ಮೈ ಆ ಹೊತ್ತನ್ನು ಮರೆತಿಲ್ಲ.

ಇದು ಬರಿಯ ಊಹೆಯೋ ಎಂದರೆ, ಅಲ್ಲ. ಡೆನ್ಮಾರ್ಕ್ ಮತ್ತು ಸ್ವೀಡನ್‌ನಲ್ಲಿ 79,201 ಕೆಲಸಗಾರರನ್ನು ಸರಾಸರಿ 12 ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಶುರುವಿನಲ್ಲಿ ಹೃದ್ರೋಗ ಇಲ್ಲದವರನ್ನೇ ಆರಿಸಿಕೊಂಡಿದ್ದರು. ಕೆಲಸದಲ್ಲಿ ಕಿರುಕುಳಕ್ಕೆ ಒಳಗಾದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂಥ ಕಾಯಿಲೆಗಳ ಸಾಧ್ಯತೆ ಉಳಿದವರಿಗಿಂತ ಶೇ 59ರಷ್ಟು ಹೆಚ್ಚು ಕಂಡಿತು. ಅದೇ ತಂಡ ಅದಕ್ಕೂ ಮುಂಚೆ ಮಧುಮೇಹವನ್ನು ನೋಡಿದಾಗ ಶೇ 46ರಷ್ಟು ಹೆಚ್ಚು ಸಾಧ್ಯತೆ ಕಂಡಿತ್ತು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ರೆಬೆಕಾ ಥರ್ಸ್ಟನ್ ಮತ್ತು ಸಂಗಡಿಗರು 40ರಿಂದ 60 ವಯಸ್ಸಿನ 304 ಹೆಂಗಸರನ್ನು ಪರೀಕ್ಷಿಸಿದರು. ಯಾರೂ ಸಿಗರೇಟು ಸೇದುವವರಲ್ಲ. ಕೆಲಸದಲ್ಲಿ ಎಂದೋ ಲೈಂಗಿಕ ಕಿರುಕುಳ ಅನುಭವಿಸಿದ್ದವರಲ್ಲಿ ಅಧಿಕ ರಕ್ತದೊತ್ತಡವೂ ಕೆಟ್ಟ ನಿದ್ದೆಯೂ ಹೆಚ್ಚಾಗಿ ಕಂಡುಬಂದವು.

ಈ ಅಂಕಿಗಳು ಸಾವಿರಾರು ಜನರ ಸರಾಸರಿ. ನಿಮ್ಮ ಪತ್ನಿಯ ಬಿಪಿ ಆ ಸೂಪರ್‌ವೈಸರನಿಂದಲೇ ಬಂತು ಎಂದು ಇವುಗಳನ್ನು ಹಿಡಿದು ಯಾರೂ ಖಚಿತವಾಗಿ ಹೇಳಲಾರರು. 34ಕ್ಕೆ ಬಿಪಿ ಬಂದರೆ ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆ ಆಗಲೇಬೇಕು. ಎದೆ ಹೊಡೆದುಕೊಳ್ಳುವುದಕ್ಕೆ, ಕೈ ನಡುಗುವುದಕ್ಕೆ ಥೈರಾಯ್ಡ್ ಕೂಡ ಕಾರಣವಾಗಬಹುದು. ರಕ್ತಹೀನತೆ ಇದ್ದರೂ ಎದೆ ಹೊಡೆದುಕೊಳ್ಳುತ್ತದೆ, ನಮ್ಮ ಹೆಂಗಸರಲ್ಲಿ ಅದು ಬಹಳ ಸಾಮಾನ್ಯ. ಇವನ್ನೆಲ್ಲ ನೋಡಿಸಿ. ಕೊಟ್ಟ ಬಿಪಿ ಮಾತ್ರೆಯನ್ನು ಯಾವ ಕಾರಣಕ್ಕೂ ತಾವಾಗಿ ನಿಲ್ಲಿಸುವುದು ಬೇಡ.

ಈಗ ನಿಮ್ಮ ಎರಡನೆಯ ಪ್ರಶ್ನೆ: ಬಿಟ್ಟ ಮೇಲೆ ಹೋಗಬೇಕಿತ್ತಲ್ಲವೇ? ಇದಕ್ಕೆ ನನಗೆ ತೃಪ್ತಿ ಕೊಟ್ಟ ಉತ್ತರ ಸಿಕ್ಕಿದ್ದು ಹೈಂಜ್ ಲೇಮನ್ ಅವರ ಕೆಲಸದಲ್ಲಿ. ಜರ್ಮನಿಯಲ್ಲಿ ಹುಟ್ಟಿ ಸ್ವೀಡನ್‌ನಲ್ಲಿ ನೆಲೆಸಿದ ಈ ಮನಶ್ಶಾಸ್ತ್ರಜ್ಞರು 1980ರ ದಶಕದಿಂದಲೇ ಕೆಲಸದ ಜಾಗದ ಕಿರುಕುಳವನ್ನು ಒಂದು ವಿಷಯವಾಗಿ ಅಭ್ಯಾಸ ಮಾಡಿದವರು. ವಾರಕ್ಕೆ ಒಮ್ಮೆಯಾದರೂ, ಆರು ತಿಂಗಳಾದರೂ ನಡೆದದ್ದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. ನಿಮ್ಮ ಮನೆಯವರಿಗೆ ಆದದ್ದು ಆ ಗೆರೆಯನ್ನು ಎಷ್ಟೋ ದಾಟಿದೆ. 1996ರಲ್ಲಿ ಅವರು ಚಿಕಿತ್ಸಾಲಯಕ್ಕೆ ಬಂದ ಇಂಥ 64 ಜನರ ವಿವರ ಪ್ರಕಟಿಸಿದರು. ಬಹುಪಾಲು ಜನರಲ್ಲಿ ಇದ್ದದ್ದು ಆಘಾತೋತ್ತರ ಒತ್ತಡದ ಕಾಯಿಲೆ, ಯುದ್ಧ ಕಂಡ ಸೈನಿಕರಲ್ಲಿ ಗುರುತಿಸಿದ ಅದೇ ಕಾಯಿಲೆ. ಬೇಡವೆಂದರೂ ನುಗ್ಗುವ ನೆನಪು, ಸಣ್ಣ ಸದ್ದಿಗೂ ಬೆಚ್ಚುವುದು, ಮುರಿದ ನಿದ್ದೆ, ಆ ರಸ್ತೆ ಆ ಜನ ಕಂಡರೆ ಬಳಸಿಕೊಂಡು ಹೋಗುವುದು.

ಲೇಮನ್ ಇವರನ್ನು ಹಳಿಯ ಮೇಲೆ ಮನುಷ್ಯರು ಸತ್ತದ್ದನ್ನು ಕಣ್ಣಾರೆ ಕಂಡ ರೈಲು ಚಾಲಕರ ಜೊತೆ ಹೋಲಿಸಿದರು. ಕಿರುಕುಳ ಉಂಡವರ ಸ್ಥಿತಿಯೇ ಹೆಚ್ಚು ಕೆಟ್ಟಿತ್ತು. ಕಾರಣವನ್ನು ಅವರು ಆಮೇಲೆ ನಡೆದದ್ದರಲ್ಲಿ ಹುಡುಕಿದರು. ಚಾಲಕನಿಗೆ ಆದ ಆಘಾತ ಭೀಕರ, ಆದರೆ ಅದು ಒಂದು ದಿನದ್ದು. ಅದನ್ನು ಆಘಾತ ಎಂದು ಎಲ್ಲರೂ ಒಪ್ಪುತ್ತಾರೆ. ಕಿರುಕುಳ ಉಂಡವರಿಗೆ ಆ ಒಪ್ಪಿಗೆ ಸಿಗುವುದಿಲ್ಲ. ದೂರು ಕೊಟ್ಟರೆ ಕಚೇರಿ ಅನುಮಾನಿಸುತ್ತದೆ, ಜೊತೆಗಾರರು ದೂರ ಸರಿಯುತ್ತಾರೆ, ವೈದ್ಯರು ಸ್ವಭಾವದೋಷ ಹುಡುಕುತ್ತಾರೆ. ಪ್ರತಿ ಬಾರಿಯೂ ಹಳೆಯ ಗಾಯದ ಮೇಲೆ ಹೊಸದೊಂದು. ನಿಮ್ಮ ಪತ್ನಿಗೆ ಕೆಲಸ ಬಿಟ್ಟ ದಿನ ಬೈಗುಳ ನಿಂತಿತು, ಅಷ್ಟೇ. ನಿನಗೆ ಅನ್ಯಾಯವಾಯಿತು ಎಂದು ಆ ಫ್ಯಾಕ್ಟರಿಯಲ್ಲಿ ಯಾರಾದರೂ ಹೇಳಿದರೇ? ಆ ಸೂಪರ್‌ವೈಸರನನ್ನು ಯಾರಾದರೂ ಕೇಳಿದರೇ? ಮನೆಯಲ್ಲಿ, ಬೀದಿಯಲ್ಲಿ, ‘ಎಲ್ಲರೂ ತಡ್ಕೋತಾರೆ, ಇವಳಿಗೇನು’ ಎಂಬ ಮಾತು ಅವರ ಕಿವಿಗೆ ಬಿದ್ದಿರಬಹುದು. ಮುಗಿಯದ ಆ ಲೆಕ್ಕವನ್ನು ಮನಸ್ಸು ರಾತ್ರಿ ಹೊತ್ತು ತೆಗೆದು ನೋಡುತ್ತದೆ. ನಾನು ಹೀಗೆ ಅನ್ನಬೇಕಿತ್ತು, ಹಾಗೆ ಮಾಡಬೇಕಿತ್ತು ಎಂದು ಮೆಲುಕು ಹಾಕಿದಾಗಲೆಲ್ಲ ಮೈ ಮತ್ತೆ ಲೈನಿಗೆ ಹೋಗಿ ಕೂರುತ್ತದೆ.

ಸೂಪರ್‌ವೈಸರ್ ಒಬ್ಬನೇ ಕೆಟ್ಟವನೋ ಎಂದೂ ಯೋಚಿಸಬೇಕು. ಅವನ ತಲೆಯ ಮೇಲೆ ಫ್ಲೋರ್ ಇನ್‌ಚಾರ್ಜ್, ಅವನ ಮೇಲೆ ಪ್ರೊಡಕ್ಷನ್ ಮ್ಯಾನೇಜರ್, ಅವನ ಮೇಲೆ ಸಾಗಣೆಯ ದಿನಾಂಕ ಹಿಡಿದು ಕೂತ ವಿದೇಶಿ ಖರೀದಿದಾರ. ಮೇಲಿನಿಂದ ಇಳಿದ ಒತ್ತಡ ಕೊನೆಗೆ ಬೈಗುಳವಾಗಿ ಟೈಲರಳ ಮುಖಕ್ಕೆ ಬೀಳುತ್ತದೆ. ಇದರಿಂದ ಅವನ ತಪ್ಪು ಕಡಿಮೆಯಾಗುವುದಿಲ್ಲ, ತಪ್ಪುಗಾರರ ಸಂಖ್ಯೆ ಹೆಚ್ಚುತ್ತದೆ. ಇದನ್ನು ನ್ಯಾಯಾಲಯವೇ ಎತ್ತಿ ಹಿಡಿದ ಪ್ರಕರಣವೊಂದು ಫ್ರಾನ್ಸಿನಲ್ಲಿ ನಡೆದಿದೆ. ಅಲ್ಲಿನ ದೂರವಾಣಿ ಕಂಪನಿ ಫ್ರಾನ್ಸ್ ಟೆಲಿಕಾಂ 2006ರ ಸುಮಾರಿಗೆ 22,000 ಜನರನ್ನು ಹೊರಹಾಕಲು ನಿರ್ಧರಿಸಿತು. ಅವರಲ್ಲಿ ಬಹಳ ಮಂದಿ ಸರ್ಕಾರಿ ನೌಕರರ ಸ್ಥಾನಮಾನ ಉಳ್ಳವರು, ವಜಾ ಮಾಡುವಂತಿಲ್ಲ. ತಾವಾಗಿ ಬಿಟ್ಟು ಹೋಗುವಂತೆ ಮಾಡಬೇಕಿತ್ತು. ಬಾಗಿಲಿನಿಂದಲೋ ಕಿಟಕಿಯಿಂದಲೋ, ಹೇಗಾದರೂ ಇವರನ್ನು ಕಳಿಸುತ್ತೇನೆಂಬ ಅರ್ಥದ ಮಾತನ್ನು ಮುಖ್ಯಸ್ಥ ದಿದಿಯೆ ಲೊಂಬಾರ್ ಅಧಿಕಾರಿಗಳ ಸಭೆಯಲ್ಲಿ ಆಡಿದ್ದರು. ಬೇಕೆಂದೇ ದೂರದ ಊರಿಗೆ ವರ್ಗ, ಬಾರದ ಕೆಲಸಕ್ಕೆ ನೇಮಕ, ಒಮ್ಮೊಮ್ಮೆ ಕೆಲಸವನ್ನೇ ಕೊಡದೆ ಕೂರಿಸುವುದು ನಡೆಯಿತು. ವಿಚಾರಣೆಯಲ್ಲಿ 39 ನೌಕರರ ಪ್ರಕರಣಗಳನ್ನು ಪರಿಶೀಲಿಸಲಾಯಿತು. ಅವರಲ್ಲಿ 19 ಮಂದಿ ಪ್ರಾಣ ಕಳೆದುಕೊಂಡಿದ್ದರು, 12 ಮಂದಿ ಆತ್ಮಹತ್ಯೆಗೆ ಯತ್ನಿಸಿದ್ದರು, 8 ಮಂದಿ ಖಿನ್ನತೆಗೆ ಬಿದ್ದಿದ್ದರು ಅಥವಾ ಕೆಲಸ ಮಾಡಲಾರದ ಸ್ಥಿತಿಗೆ ಬಂದಿದ್ದರು. 2019ರ ಡಿಸೆಂಬರ್ 20ರಂದು ಪ್ಯಾರಿಸಿನ ನ್ಯಾಯಾಲಯ ಕಂಪನಿಯನ್ನೂ ಅದರ ಮುಖ್ಯಸ್ಥರನ್ನೂ ಅಪರಾಧಿಗಳೆಂದಿತು. 2025ರ ಜನವರಿಯಲ್ಲಿ ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯ ಲೊಂಬಾರ್ ಅವರ ಅಪರಾಧವನ್ನು ಖಾಯಂ ಮಾಡಿತು. ಲೊಂಬಾರ್ ಅವರು ಆ 39 ಜನರಲ್ಲಿ ಒಬ್ಬೊಬ್ಬರನ್ನೂ ಎದುರು ನಿಲ್ಲಿಸಿಕೊಂಡು ಬೈದವರಲ್ಲ. ಸಂಸ್ಥೆಯ ನೀತಿಯೇ ಕಿರುಕುಳ ಆಗಬಹುದು ಎಂಬುದನ್ನು ಈ ತೀರ್ಪು ಒಪ್ಪಿತು. ನಮ್ಮ ಗಾರ್ಮೆಂಟ್ಸ್‌ಗಳ ಟಾರ್ಗೆಟ್ಟನ್ನು ಇದೇ ಕಣ್ಣಿನಿಂದ ನೋಡುವ ದಿನ ಬರಬೇಕೆಂದು ನನ್ನ ಆಸೆ.

ನಮ್ಮ ಕಾನೂನು ಅಲ್ಲಿಗೆ ಇನ್ನೂ ಮುಟ್ಟಿಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಒಂದು ಗಟ್ಟಿಯಾದ ಕಾನೂನು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕೂ ಸಣ್ಣ ಜಾಗಗಳಿಗೆ, ಮನೆಗೆಲಸದವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ಲೈಂಗಿಕ ಅರ್ಥದ ಮಾತೂ ಅದರಲ್ಲಿ ಕಿರುಕುಳವೇ. ಪರಿಹಾರ ನಿಗದಿ ಮಾಡುವಾಗ ಮಾನಸಿಕ ಆಘಾತ, ಚಿಕಿತ್ಸೆಯ ಖರ್ಚು, ಕಳೆದುಹೋದ ಕೆಲಸದ ಅವಕಾಶ ಇವನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಕೆಂದು ಅದರ 15ನೇ ಕಲಮು ಹೇಳುತ್ತದೆ. ಇದನ್ನು ತಿಳಿದವರು ಬಹಳ ಕಡಿಮೆ, ಅದಕ್ಕೇ ಬರೆಯುತ್ತಿದ್ದೇನೆ. ಆದರೆ ದೂರನ್ನು ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು, ಸಮಿತಿ ಮನಸ್ಸು ಮಾಡಿದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ನಿಮ್ಮ ವಿಷಯದಲ್ಲಿ ಆ ಗಡುವು ಮುಗಿದಿದೆ. ಬೈಗುಳದಲ್ಲಿ ಲೈಂಗಿಕ ಅರ್ಥ ಇಲ್ಲದಿದ್ದರೆ ಈ ಕಾಯ್ದೆ ಅನ್ವಯಿಸುವುದೂ ಇಲ್ಲ. ಇನ್ನು ಪರಿಹಾರ ಕೊಡಬೇಕಾದ ಔದ್ಯೋಗಿಕ ರೋಗಗಳ ಸರ್ಕಾರಿ ಪಟ್ಟಿಯಲ್ಲಿ ಹತ್ತಿಯ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಇದೆ, ಸೀಸದ ವಿಷ ಇದೆ. ಮನಸ್ಸಿನ ಕಾಯಿಲೆ ಒಂದೂ ಇಲ್ಲ. ಲೈಂಗಿಕವಲ್ಲದ ಹಿಂಸೆ, ಅವಮಾನಗಳನ್ನೂ ಒಳಗೊಂಡ ಒಪ್ಪಂದವೊಂದನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಅಂಗೀಕರಿಸಿತು. ಅದರ ಸಂಖ್ಯೆ 190. ಹೊಲಿದ ಬಟ್ಟೆಯನ್ನು ಮುಖಕ್ಕೆ ಎಸೆಯುವುದನ್ನು ಅಪರಾಧ ಎಂದು ಹೆಸರಿಟ್ಟು ಕರೆಯುವ ಕಾನೂನು ನಮಗೂ ಬೇಕು.

ಈಗ ಮಾಡಬೇಕಾದ್ದು. ಮೊದಲು ವೈದ್ಯರಿಗೆ ಕೆಲಸದ ಕತೆ ಹೇಳಿ. ಇಟಲಿಯ ವೈದ್ಯ ಬೆರ್ನಾರ್ದಿನೊ ರಾಮಾಜ್ಜೀನಿ 1700ರಲ್ಲಿ ದುಡಿಯುವವರ ಕಾಯಿಲೆಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ರೋಗಿಗೆ ಕೇಳುವ ಪ್ರಶ್ನೆಗಳ ಜೊತೆ ‘ನಿನ್ನ ಕಸುಬು ಯಾವುದು’ ಎಂಬುದನ್ನೂ ಸೇರಿಸಿ ಎಂದು ವೈದ್ಯರಿಗೆ ಹೇಳಿದವರು ಅವರು. ಮುನ್ನೂರು ವರ್ಷ ಕಳೆದರೂ ನಮ್ಮ ಕ್ಲಿನಿಕ್ಕುಗಳಲ್ಲಿ ಆ ಪ್ರಶ್ನೆ ಅಪರೂಪ. ಎರಡು ನಿಮಿಷದಲ್ಲಿ ಇಸಿಜಿ ನೋಡಿ ಟೆನ್ಷನ್ ಬೇಡ ಎಂದ ಡಾಕ್ಟರರಿಗೆ ಆ ಎರಡು ವರ್ಷ ಗೊತ್ತೇ ಇರಲಿಲ್ಲ. ಅವರು ಕೇಳದಿದ್ದರೂ ನೀವೇ ಹೇಳಿ. ಯಾವ ಕೆಲಸ, ಎಷ್ಟು ವರ್ಷ, ಏನಾಯಿತು, ಯಾವಾಗಿನಿಂದ ನಿದ್ದೆ ಇಲ್ಲ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಚೀಟಿಯಲ್ಲಿ ಅದು ನಮೂದಾಗಲಿ ಎಂದು ಕೇಳಿ.

ಆಮೇಲೆ ಮನೋವೈದ್ಯರು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್ ನಿಮಗೆ ದೂರವಲ್ಲ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಳಗಿನ ಜಾವ ನಾಲ್ಕಕ್ಕೂ ಮಾಡಬಹುದು. ಆಘಾತೋತ್ತರ ಒತ್ತಡದ ಕಾಯಿಲೆಗೆ ಚಿಕಿತ್ಸೆ ಇದೆ. ನಡೆದದ್ದನ್ನು ತರಬೇತಾದವರ ಎದುರು ನಿಧಾನವಾಗಿ ಬಿಡಿಸಿ ಹೇಳುತ್ತ, ಭಯಕ್ಕೂ ನೆನಪಿಗೂ ಬಿದ್ದ ಗಂಟನ್ನು ಸಡಿಲಿಸುವ ಮಾತಿನ ಚಿಕಿತ್ಸೆ ಬಹಳ ಜನರಿಗೆ ಗುಣ ಕೊಟ್ಟಿದೆ. ಅಗತ್ಯವಿದ್ದರೆ ಕೆಲವು ತಿಂಗಳು ಮಾತ್ರೆಯೂ ಇರುತ್ತದೆ. ಬದುಕಿ ಏನು ಪ್ರಯೋಜನ ಎಂಬಂಥ ಮಾತು ಅವರ ಬಾಯಿಂದ ಒಂದು ಸಲ ಬಂದರೂ ಹಗುರವಾಗಿ ತೆಗೆದುಕೊಳ್ಳಬೇಡಿ, ಅದೇ ದಿನ ಕರೆದುಕೊಂಡು ಹೋಗಿ.

ನೀವು ಮಾಡಬೇಕಾದ್ದೂ ಇದೆ. ಮರೆತುಬಿಡು ಎನ್ನಬೇಡಿ, ಮರೆಯುವುದು ಅವರ ಕೈಯಲ್ಲಿದ್ದಿದ್ದರೆ ಎಂದೋ ಮರೆಯುತ್ತಿದ್ದರು. ಮೊದಲೇ ಯಾಕೆ ಹೇಳಲಿಲ್ಲ, ಅಷ್ಟು ದಿನ ಯಾಕೆ ಇದ್ದೆ ಎಂದೂ ಕೇಳಬೇಡಿ. ಆ ಸಂಬಳದಲ್ಲಿ ನಿಮ್ಮ ಮನೆಯೂ ನಡೆಯಿತು. ಅವರು ಹೇಳಿದಷ್ಟನ್ನು ಕೇಳಿ, ಆದದ್ದು ತಪ್ಪು ಎಂದು ಬಾಯಿಬಿಟ್ಟು ಹೇಳಿ. ಅದೇ ಲೈನಿನಲ್ಲಿದ್ದ ಹಳೆಯ ಗೆಳತಿಯರು ಈಗಲೂ ಹತ್ತಿರದಲ್ಲಿದ್ದರೆ ಭೇಟಿ ಮಾಡಲಿ. ನನಗೂ ಹಾಗೇ ಆಯ್ತು ಕಣೆ ಎಂದು ಒಬ್ಬಳು ಅಂದರೆ, ತಪ್ಪು ನನ್ನದೇ ಎಂಬ ಭಾರ ಅಷ್ಟರಮಟ್ಟಿಗೆ ಇಳಿಯುತ್ತದೆ. ಬೆಂಗಳೂರಿನ ಗಾರ್ಮೆಂಟ್ ಕಾರ್ಮಿಕರ ಸಂಘಟನೆಗಳಲ್ಲಿ ಇಂಥ ಅನುಭವ ಹೊತ್ತ ಹೆಂಗಸರು ಬಹಳ ಮಂದಿ ಇದ್ದಾರೆ, ಹೊಸಬರು ಬಂದರೆ ಕೂರಿಸಿಕೊಂಡು ಕೇಳುತ್ತಾರೆ.

ಕೊನೆಗೆ, ಹೊಸ ಫ್ಯಾಕ್ಟರಿ. ಸೇರಿಕೋ ಎಂದೂ ಹೇಳಬೇಡಿ, ಬೇಡ ಎಂದೂ ಹೇಳಬೇಡಿ. ಹಿಂದಿನ ಕೆಲಸವನ್ನು ‘ಬಿಡಿಸಿದೆ’ ಎಂದು ಬರೆದಿದ್ದೀರಿ. ಒಳ್ಳೆಯದಕ್ಕೇ ಬಿಡಿಸಿದಿರಿ, ಆದರೆ ಈ ಸಲದ ತೀರ್ಮಾನ ಪೂರ್ತಿ ಅವರದಾಗಲಿ. ಎರಡು ವರ್ಷ ಯಾವುದೂ ಅವರ ಕೈಯಲ್ಲಿರಲಿಲ್ಲ, ಗಾಯದ ದೊಡ್ಡ ಪಾಲು ಅದೇ. ಚಿಕಿತ್ಸೆ ಶುರುವಾಗಿ ನಿದ್ದೆ ಒಂದು ಹದಕ್ಕೆ ಬರುವವರೆಗೆ ಕಾದರೆ ಒಳ್ಳೆಯದು ಎಂದಷ್ಟೇ ನಾನು ಹೇಳಬಲ್ಲೆ. ಹೋಗುತ್ತೇನೆಂದರೆ, ಸೇರುವ ಮೊದಲು ಆ ಫ್ಯಾಕ್ಟರಿಯಿಂದ ಸಂಜೆ ಹೊರಬರುವ ಹೆಂಗಸರನ್ನು ಗೇಟಿನ ಹತ್ತಿರ ಮಾತಾಡಿಸಲಿ: ಸೂಪರ್‌ವೈಸರ್‌ಗಳು ಹೇಗೆ ಮಾತಾಡುತ್ತಾರೆ, ಬಾತ್‌ರೂಮಿಗೆ ಹೋಗಲು ಬಿಡುತ್ತಾರೆಯೇ, ಸಮಿತಿಯಲ್ಲಿ ಯಾರಿದ್ದಾರೆ, ದೂರು ಕೊಟ್ಟವರು ಇನ್ನೂ ಕೆಲಸದಲ್ಲಿದ್ದಾರೆಯೇ. ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಎಲ್ಲಕ್ಕಿಂತ ಹೆಚ್ಚು ನಂಬಬಹುದು.